11 ಸೆಕೆಂಡ್ ಬಂತು, ನಾರ್ಮಲ್ ಅಂದರು. ಅಮ್ಮ ಮತ್ತೆ ಬೀಳಲ್ಲ ಅಂತ ನಂಬಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ಅಮ್ಮನಿಗೆ 72 ವರ್ಷ, ಬಿಪಿ, ಶುಗರ್ ಎರಡೂ ಇದೆ. ಹೋದ ತಿಂಗಳು ಹಿತ್ತಲಲ್ಲಿ ಬಟ್ಟೆ ಒಣಹಾಕಿ ಒಳಗೆ ಬರುವಾಗ ಬಿದ್ದರು. ಪುಣ್ಯಕ್ಕೆ ಮೂಳೆಗೇನೂ ಆಗಲಿಲ್ಲ. ಆಸ್ಪತ್ರೆಯಲ್ಲಿ ಕುರ್ಚಿಯಿಂದ ಎಬ್ಬಿಸಿ, ನಡೆಸಿ ನೋಡಿ, 11 ಸೆಕೆಂಡ್ ಬಂತು, ನಾರ್ಮಲ್ ಅಂದರು. ಮನೆಯಲ್ಲಿ ಮಾತ್ರ ಗೋಡೆ ಹಿಡಿದೇ ಓಡಾಡುತ್ತಾರೆ.

ಉತ್ತರ (ಫಿಸಿಯೋಥೆರಪಿಸ್ಟ್): ಅದು ‘ಟೈಮ್ಡ್ ಅಪ್ ಅಂಡ್ ಗೋ’ ಅನ್ನೋ ಪರೀಕ್ಷೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಬೇಕು ಅಂತ ನೋಡುತ್ತಾರೆ. 1991ರಿಂದ ಬಳಕೆಯಲ್ಲಿದೆ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಾದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಆದರೆ 11 ಬಂದರೆ ಬೀಳಲ್ಲ ಅಂತಲ್ಲ! ಮನೆಯಲ್ಲಿ ಓಡಾಡಿಕೊಂಡಿರುವ ಹಿರಿಯರಲ್ಲಿ ಯಾರು ಬೀಳುತ್ತಾರೆ ಅನ್ನೋದನ್ನು ಈ ಒಂದು ಪರೀಕ್ಷೆ ಸರಿಯಾಗಿ ಹೇಳಲಾರದು. ಒಮ್ಮೆ ಬಿದ್ದಿದ್ದಾರೆ, ಈಗ ಹೆದರಿ ಗೋಡೆ ಹಿಡಿಯುತ್ತಿದ್ದಾರೆ. ನನಗೆ ಆ ಸೆಕೆಂಡುಗಳಿಗಿಂತ ಇದೇ ದೊಡ್ಡ ಸುಳಿವು.

ನಾನು ಹೆಚ್ಚಾಗಿ ನೋಡೋದು ತಿರುಗುವ ಜಾಗವನ್ನು. ಎರಡು ಮೂರು ಹೆಜ್ಜೆಗೆ ತಿರುಗುತ್ತಾರಾ, ಇಲ್ಲ ನಿಂತಲ್ಲೇ ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾರಾ? ನಡೆಯುವಾಗಲೇ ‘ಅಮ್ಮ, ಇವತ್ತು ಏನು ಸಾರು?’ ಅಂತ ಕೇಳುತ್ತೇನೆ. ಉತ್ತರ ಹೇಳಲು ನಿಂತುಬಿಟ್ಟರೆ, ನಡಿಗೆಗೇ ಅವರ ಗಮನವೆಲ್ಲ ಬೇಕಾಗಿದೆ ಅಂತ ಅರ್ಥ.

ಪ್ರಶ್ನೆ: ಮೇಡಂ, ಈಗಲೇ ಕೇಳಿ ನೋಡಿದೆ. ನಿಂತುಕೊಂಡೇ ‘ಹುರುಳಿಕಾಳಿಂದು’ ಅಂದರು. ಇನ್ನೇನು ನೋಡಬೇಕು?

ಉತ್ತರ: ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ, ಕೈ ಎದೆಗೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಎಣಿಸಿ. ಅವರ ವಯಸ್ಸಿನ ಹೆಂಗಸರಿಗೆ 10ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದು. ಆಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವ ಹಾಗೆ ನಿಲ್ಲಿಸಿ, 10 ಸೆಕೆಂಡ್ ನಿಲ್ಲಬೇಕು. ನೀವು ಪಕ್ಕದಲ್ಲೇ ಇರಿ, ಕೈ ಚಾಚಿದರೆ ಸಿಗಬೇಕು.

ಬಿಪಿಯನ್ನು ಐದು ನಿಮಿಷ ಮಲಗಿಸಿ ಒಮ್ಮೆ, ನಿಂತ ಮೂರು ನಿಮಿಷದೊಳಗೆ ಮತ್ತೊಮ್ಮೆ ನೋಡಿ. ಮೇಲಿನ ಅಂಕಿ 20 ಇಳಿದರೆ ಡಾಕ್ಟರಿಗೆ ತೋರಿಸಿ, ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಶುಗರ್ ಇರೋದರಿಂದ ಅಂಗಾಲಿನ ಸ್ಪರ್ಶವನ್ನೂ ಪರೀಕ್ಷೆ ಮಾಡಿಸಿ. ಪಾದಕ್ಕೆ ನೆಲ ಗೊತ್ತಾಗದಿದ್ದರೆ ಮಬ್ಬುಗತ್ತಲಲ್ಲಿ ತುಂಬಾ ಕಷ್ಟ.

ದಯವಿಟ್ಟು ‘ಓಡಾಡಬೇಡ, ಕೂತ್ಕೋ’ ಅನ್ನಬೇಡಿ. ಕೂತಷ್ಟೂ ತೊಡೆಯ ಬಲ ಕರಗುತ್ತದೆ.

ಪ್ರಶ್ನೆ: ಅಯ್ಯೋ, ದಿನಾ ಅದನ್ನೇ ಹೇಳ್ತಿದ್ದೆ ಮೇಡಂ. ಅಮ್ಮ ಬಿದ್ದಿದ್ದೂ ಸಂಜೆ ಮಬ್ಬಲ್ಲೇ. ನಾಳೆ ಎಲ್ಲಾ ನೋಡಿ ಇಲ್ಲೇ ಬರೀತೀನಿ.