ಒಂದೇ ಹೊಲದಲ್ಲಿ ಮಸಾರಿ, ಎರೆ ಎರಡೂ ಇದ್ದರೆ ಗೊಬ್ಬರದ ಲೆಕ್ಕ ಹೇಗೆ?

ಹಾವೇರಿ ರೈತ: ನಮ್ಮದು ಆರು ಎಕರೆ, ಮಳೆಯಾಶ್ರಿತ ಮೆಕ್ಕೆಜೋಳ. ಮೇಲಿನ ಅರ್ಧ ಗರಸು ಕೂಡಿದ ಕೆಂಪು ಮಸಾರಿ, ಹಳ್ಳದ ಕಡೆ ಕಪ್ಪು ಎರೆ ಮಣ್ಣು. ಪರೀಕ್ಷೆಗೆ ಎರಡೂ ಮಣ್ಣು ಕಲಸಿ ಕೊಡಬೇಕೋ, ಬೇರೆ ಬೇರೆಯೋ?

ಎರೆಸೀಮೆ: ಮಣ್ಣು ಪರೀಕ್ಷಿಸಿ ಸರ್ಕಾರ ಕೊಡೋ ಮಣ್ಣಿನ ಆರೋಗ್ಯ ಕಾರ್ಡ್ ಇರುತ್ತಲ್ಲ ಅಣ್ಣ, ಅದನ್ನ ನೋಡಿ ಹಾಕಿ. ಆರು ಎಕರೆಗೆ ಯಾಕಿಷ್ಟು ತಲೆಬಿಸಿ?

ಕೃಷಿ ಓದಿದವಳು: 2015ರಲ್ಲಿ ಆ ಯೋಜನೆ ಶುರುವಾದಾಗ ಮಳೆಯಾಶ್ರಿತ ಜಮೀನಿನಲ್ಲಿ 10 ಹೆಕ್ಟೇರಿಗೆ ಒಂದೇ ಮಾದರಿ. ಅಂದರೆ 25 ಎಕರೆಯಲ್ಲಿ ಯಾರದೋ ಹೊಲದ ಮಣ್ಣು, ಕಾರ್ಡು ಎಲ್ಲರಿಗೂ. ನೀವೂ ಎರಡನ್ನು ಕಲಸಿದರೆ ಬರುವ ಸರಾಸರಿ ಮಸಾರಿಗೂ ಹೊಂದಲ್ಲ, ಎರೆಗೂ ಹೊಂದಲ್ಲ. ಒಂದೊಂದು ಭಾಗದಲ್ಲೂ ಎಂಟು-ಹತ್ತು ಕಡೆ ಆರು ಇಂಚು ಆಳಕ್ಕೆ ವಿ ಆಕಾರದ ಗುಂಡಿ ತೋಡಿ, ಪಕ್ಕದ ಮಣ್ಣು ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಕೆರೆದು ತೆಗೀರಿ. ಬದು, ಮರದ ಬುಡ, ತಿಪ್ಪೆ ಹಾಕಿದ ಜಾಗ ಬೇಡ. ಗೊಬ್ಬರದ ಖಾಲಿ ಚೀಲದಲ್ಲಂತೂ ತುಂಬಲೇಬೇಡಿ.

ಎರೆಸೀಮೆ: ಎರಡು ವರದಿ ಬಂತು ಅಂತಿಟ್ಟುಕೊಳ್ಳಿ. ಬಾಡಿಗೆ ಟ್ರ್ಯಾಕ್ಟರ್ ಕೂರಿಗೆಯಲ್ಲಿ ಬಿತ್ತೋನು ನಡುವೆ ನಿಲ್ಲಿಸಿ ಗೊಬ್ಬರದ ಅಳತೆ ಬದಲಿಸ್ತಾನಾ?

ದಾವಣಗೆರೆ ಬಿತ್ತನೆ: ಬದಲಿಸ್ತಾರೆ. ನಾವು ಇಳಿಜಾರಿಗೆ ಅಡ್ಡ ಬಿತ್ತೋದು, ಮಸಾರಿ ಮುಗಿದ ಮೇಲೆ ಎರೆ. ಒಂದೇ ಸಲ ಬದಲಿಸಿದರೆ ಆಯ್ತು. ಮೇಲುಗೊಬ್ಬರದ ಯೂರಿಯಾ ಹೇಗೂ ಕೈಯಲ್ಲೇ. ಇನ್ನೊಂದು ವಿಷಯ: ವರ್ಷಾ ವರ್ಷಾ ಡಿಎಪಿ ಸುರಿದು ರಂಜಕ ಜಾಸ್ತಿಯಾದ ಕಡೆ ಬೆಳೆಗೆ ಸತು ಸರಿಯಾಗಿ ಸಿಗಲ್ಲ. ಎಳೆ ಎಲೆಯ ಬುಡದಲ್ಲಿ ನಡುನರದ ಎರಡೂ ಪಕ್ಕ ಬಿಳಿ ಪಟ್ಟಿ ಬರುತ್ತೆ. ಜನ ಅದಕ್ಕೂ ಯೂರಿಯಾ ಎರಚ್ತಾರೆ, ದುಡ್ಡು ದಂಡ.

ಎರೆಸೀಮೆ: ರಂಜಕ ಒಪ್ಪಿದೆ. ಸಾರಜನಕ? ಮೇ ತಿಂಗಳ ಮಣ್ಣು ಜುಲೈ ಮಳೆಯ ಸುದ್ದಿ ಹೇಗೆ ಹೇಳುತ್ತೆ?

ಕೃಷಿ ಓದಿದವಳು: ಆ ಮಾತು ನಿಜ. ಸಾರಜನಕವನ್ನು ಹೆಚ್ಚಾಗಿ ಮಣ್ಣಿನ ಸಾವಯವ ಇಂಗಾಲ ನೋಡಿ ಅಂದಾಜು ಮಾಡೋದು. ಹಾಗಾಗಿ ಯೂರಿಯಾವನ್ನು ಮಳೆ, ಬೆಳೆ ನೋಡಿಕೊಂಡು ಕಂತಿನಲ್ಲೇ ಕೊಡಿ. ರಂಜಕ, ಪೊಟ್ಯಾಷ್ ಅಷ್ಟು ಬೇಗ ಬದಲಾಗಲ್ಲ, ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಸಾಕು. ಎಕರೆಗೆ 20 ಕಿಲೋ ರಂಜಕದ ಶಿಫಾರಸು ಇದ್ದು, ಒಂದು ಭಾಗದಲ್ಲಿ ‘ಹೆಚ್ಚು’ ಅಂತ ಬಂದರೆ ಕಾಲು ಭಾಗ ಇಳಿಸಬಹುದು. ಅಂದರೆ 5 ಕಿಲೋ ರಂಜಕ; ಡಿಎಪಿ ಲೆಕ್ಕದಲ್ಲಿ ಎಕರೆಗೆ ಸುಮಾರು 11 ಕಿಲೋ ಉಳೀತು.

ಹಾವೇರಿ ರೈತ: ಹಂಗಾದ್ರ ಎರಡು ಪೊಟ್ಟಣ ಮಾಡ್ತೀನಿ ಅಕ್ಕಾರ. ಹಳ್ಳದ ದಂಡಿಗೆ ನಾಕು ಗುಂಟೆ ಸವಳು ಐತಿ, ಬೇಸಿಗ್ಯಾಗ ಬೆಳ್ಳಗ ಉಪ್ಪು ಏಳತೈತಿ. ಅದನ್ನ ಎರಿ ಜೋಡಿ ಸೇರಸಲೇನು?

ಕೃಷಿ ಓದಿದವಳು: ಬೇಡ, ಅದು ಮೂರನೇ ಪೊಟ್ಟಣ. ಅದಕ್ಕೆ ರಸಸಾರ (ಪಿಎಚ್), ಲವಣಾಂಶ ನೋಡಿಸಿ. ವರದಿ ಬರೋವರೆಗೆ ಅಲ್ಲಿ ಗೊಬ್ಬರದ ಖರ್ಚು ಮಾಡಬೇಡಿ.