ಬಾಹ್ಯಾಕಾಶ, ಸೇನೆ, ಕಾನೂನು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಗುಂಪಿನಲ್ಲಿ ಒಬ್ಬರು "ಮೇಲೆ ಯಾರು ಏನು ಬೇಕಾದ್ರೂ ಮಾಡಬಹುದು, ಅಲ್ಲಿ ಕಾನೂನೇ ಇಲ್ಲ" ಅಂತ ಬರೆದಿದ್ದರು. ನಾನು ಅಂತರರಾಷ್ಟ್ರೀಯ ಕಾನೂನು ಕಲಿಸುವವಳು. ಆ ಮಾತು ತಪ್ಪು. ಆದರೆ ಪೂರ್ತಿ ತಪ್ಪೂ ಅಲ್ಲ, ನನಗೆ ಚಿಂತೆ ಇರುವುದು ಅಲ್ಲೇ. ಪ್ರಶ್ನೆ ಇದ್ದರೆ ಹಾಕಿ ಎಂದಿದ್ದೆ. ಬಂದವುಗಳಿಗೆ ಉತ್ತರಿಸುತ್ತಾ ಹೋಗುತ್ತೇನೆ.

ಪ್ರಶ್ನೆ: ಬಾಹ್ಯಾಕಾಶದಲ್ಲಿ ಆಯುಧ ಇಡೋ ಹಾಗಿಲ್ಲ ಅಂತ ಓದಿದ ನೆನಪು. ಹಾಗಿದ್ರೆ ಎಲ್ಲ ಸೇನೆಗಳೂ ಉಪಗ್ರಹ ಇಟ್ಕೊಂಡಿರೋದು ಹೇಗೆ?

ಉತ್ತರ: ನೀವು ಓದಿದ್ದು 1967ರ ಬಾಹ್ಯಾಕಾಶ ಒಪ್ಪಂದದ ಬಗ್ಗೆ ಇರಬೇಕು. ಅದರ 4ನೇ ವಿಧಿಯಲ್ಲಿ ಎರಡು ಬೇರೆ ಬೇರೆ ನಿಯಮಗಳಿವೆ. ಜನ ಎರಡನ್ನೂ ಬೆರೆಸಿಬಿಡುತ್ತಾರೆ.

ಮೊದಲನೆಯದು ಚಂದ್ರ ಮತ್ತು ಇತರ ಆಕಾಶಕಾಯಗಳಿಗೆ ಸಂಬಂಧಿಸಿದ್ದು. ಅಲ್ಲಿ ಸೇನಾ ನೆಲೆ ಕಟ್ಟುವಂತಿಲ್ಲ, ಆಯುಧ ಪರೀಕ್ಷಿಸುವಂತಿಲ್ಲ, ಸಮರಾಭ್ಯಾಸ ಮಾಡುವಂತಿಲ್ಲ. ಎಲ್ಲವೂ ಶಾಂತಿಯ ಉದ್ದೇಶಕ್ಕೇ ಇರಬೇಕು. ಸೇನೆಯವರು ವಿಜ್ಞಾನದ ಅಥವಾ ಬೇರೆ ಶಾಂತಿಯುತ ಕೆಲಸಕ್ಕೆ ಹೋಗಬಹುದು, ಅಷ್ಟೇ.

ಎರಡನೆಯದು ಭೂಮಿಯ ಕಕ್ಷೆಗೆ ಸಂಬಂಧಿಸಿದ್ದು. ಅಲ್ಲಿ ನಿಷೇಧ ಇರುವುದು ಅಣ್ವಸ್ತ್ರ ಮತ್ತು ಇತರ ಸಾಮೂಹಿಕ ವಿನಾಶದ ಅಸ್ತ್ರಗಳಿಗೆ ಮಾತ್ರ. ಬೇಹುಗಾರಿಕೆ ಉಪಗ್ರಹ, ಸೇನೆಯ ಸಂಪರ್ಕ ಉಪಗ್ರಹ, ಕ್ಷಿಪಣಿ ಹಾರಿದ್ದನ್ನು ಪತ್ತೆ ಹಚ್ಚುವ ಉಪಗ್ರಹ, ಇವಕ್ಕೆಲ್ಲ ಅಡ್ಡಿ ಇಲ್ಲ. ಒಪ್ಪಂದ ಆಗುವ ಹೊತ್ತಿಗೇ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಇಬ್ಬರ ಬೇಹು ಉಪಗ್ರಹಗಳೂ ಮೇಲಿದ್ದವು. ಇಬ್ಬರೂ ಅದನ್ನು ಬಿಡಲು ಸಿದ್ಧರಿರಲಿಲ್ಲ.

ಅಣ್ವಸ್ತ್ರವನ್ನೇ ಯಾಕೆ ಹಿಡಿದರು? 1962ರ ಜುಲೈ 9ರಂದು ಅಮೆರಿಕ ಪೆಸಿಫಿಕ್‌ನ ಜಾನ್‌ಸ್ಟನ್ ದ್ವೀಪದ ಮೇಲೆ, ಸುಮಾರು 400 ಕಿ.ಮೀ. ಎತ್ತರದಲ್ಲಿ, 1.4 ಮೆಗಾಟನ್ ಬಾಂಬ್ ಸಿಡಿಸಿತು. ಆ ಪರೀಕ್ಷೆಯ ಹೆಸರು ಸ್ಟಾರ್‌ಫಿಶ್ ಪ್ರೈಮ್. 1,400 ಕಿ.ಮೀ. ಆಚೆ ಹವಾಯಿಯಲ್ಲಿ ಬೀದಿದೀಪಗಳು ಆರಿದವು. ಸಿಡಿತದಿಂದ ಹುಟ್ಟಿದ ವಿಕಿರಣ ಭೂಮಿಯ ಸುತ್ತ ಉಳಿದುಕೊಂಡಿತು, ಉಪಗ್ರಹಗಳು ಹಾಳಾದವು. ಹಾಳಾದವುಗಳಲ್ಲಿ ಅಮೆರಿಕದ ಮಿತ್ರದೇಶ ಬ್ರಿಟನ್ನಿನ ಮೊದಲ ಉಪಗ್ರಹ ಏರಿಯಲ್-1 ಕೂಡ ಇತ್ತು. ಮರುವರ್ಷವೇ, 1963ರಲ್ಲಿ, ವಾತಾವರಣದಲ್ಲಿ, ಬಾಹ್ಯಾಕಾಶದಲ್ಲಿ ಮತ್ತು ನೀರಿನಡಿಯಲ್ಲಿ ಅಣು ಪರೀಕ್ಷೆ ನಿಷೇಧಿಸುವ ಒಪ್ಪಂದ ಬಂತು. ಮೇಲೆ ಅಣುಬಾಂಬ್ ಸಿಡಿದರೆ ಸಿಡಿಸಿದವರಿಗೂ ಉಳಿಗಾಲ ಇಲ್ಲ ಅನ್ನೋದು ಅವರಿಗೆ ಕಣ್ಣಾರೆ ಗೊತ್ತಾಗಿತ್ತು.

ಪ್ರಶ್ನೆ: ಅಂದ್ರೆ ಅಣುಬಾಂಬ್ ಬಿಟ್ಟು ಮಾಮೂಲಿ ಕ್ಷಿಪಣಿ, ಲೇಸರ್ ಇವನ್ನೆಲ್ಲ ಕಕ್ಷೆಯಲ್ಲಿ ಇಡಬಹುದಾ? ಅಮೆರಿಕದ ಗೋಲ್ಡನ್ ಡೋಮ್ ಬಗ್ಗೆ ಕೇಳಿದಾಗಿಂದ ಈ ಪ್ರಶ್ನೆ ಇದೆ.

ಉತ್ತರ: 4ನೇ ವಿಧಿ ಅದನ್ನು ತಡೆಯುವುದಿಲ್ಲ. ಇದೇ ದೊಡ್ಡ ಕಿಂಡಿ.

ಗೋಲ್ಡನ್ ಡೋಮ್ ಅಂದರೆ 2025ರಲ್ಲಿ ಅಮೆರಿಕ ಘೋಷಿಸಿದ ಕ್ಷಿಪಣಿ ತಡೆ ಯೋಜನೆ. ಶತ್ರು ಕ್ಷಿಪಣಿಯನ್ನು ಕಕ್ಷೆಯಿಂದಲೇ ಹೊಡೆಯುವ ಅಸ್ತ್ರಗಳೂ ಅದರಲ್ಲಿ ಸೇರಿವೆ. ಹಿಂದೆ ಇದಕ್ಕೆ ಒಂದು ಬೇಲಿ ಇತ್ತು. 1972ರಲ್ಲಿ ಅಮೆರಿಕ ಮತ್ತು ಸೋವಿಯತ್ ನಡುವೆ ಆದ, ಕ್ಷಿಪಣಿ ತಡೆ ಅಸ್ತ್ರಗಳಿಗೆ ಮಿತಿ ಹಾಕುವ ಎಬಿಎಂ ಒಪ್ಪಂದ ಇಂಥ ಅಸ್ತ್ರಗಳನ್ನು ಬಾಹ್ಯಾಕಾಶದಲ್ಲಿ ನೆಲೆಗೊಳಿಸುವುದನ್ನು ತಡೆದಿತ್ತು. ಒಪ್ಪಂದ ಪಾಲನೆಯಾಗ್ತಿದೆಯಾ ಅಂತ ನೋಡುವ ಒಬ್ಬರ ಬೇಹು ಉಪಗ್ರಹಗಳಿಗೆ ಇನ್ನೊಬ್ಬರು ತೊಂದರೆ ಕೊಡುವಂತಿಲ್ಲ ಎಂದೂ ಅದರಲ್ಲಿತ್ತು. 2002ರಲ್ಲಿ ಅಮೆರಿಕ ಅದರಿಂದ ಹೊರಬಂತು. ಇಪ್ಪತ್ತೈದು ವರ್ಷದಲ್ಲಿ ಬಾಹ್ಯಾಕಾಶ ಕಾನೂನಿಗೆ ಆದ ದೊಡ್ಡ ನಷ್ಟ ಇದೇ ಎಂದು ನನ್ನ ಅಭಿಪ್ರಾಯ. ಆಗ ಪತ್ರಿಕೆಗಳು ಅದನ್ನು ಕ್ಷಿಪಣಿ ಸುದ್ದಿಯಾಗಿಯೇ ನೋಡಿದವು.

ಹಾಗಂತ ಉಳಿದದ್ದು ಬಯಲಲ್ಲ. 1967ರ ಒಪ್ಪಂದದ 3ನೇ ವಿಧಿಯ ಪ್ರಕಾರ ವಿಶ್ವಸಂಸ್ಥೆಯ ಸನ್ನದು ಬಾಹ್ಯಾಕಾಶಕ್ಕೂ ಅನ್ವಯಿಸುತ್ತದೆ. ಇನ್ನೊಂದು ದೇಶದ ಮೇಲೆ ಬಲಪ್ರಯೋಗ ಮಾಡುವಂತಿಲ್ಲ, ಆತ್ಮರಕ್ಷಣೆ ಬಿಟ್ಟರೆ. 9ನೇ ವಿಧಿಯ ಪ್ರಕಾರ ಬೇರೆ ದೇಶಗಳ ಹಿತವನ್ನೂ ಗಮನದಲ್ಲಿಡಬೇಕು. ನಿಮ್ಮ ಕೆಲಸದಿಂದ ಇನ್ನೊಬ್ಬರಿಗೆ ಹಾನಿಕರ ಅಡಚಣೆ ಆಗಬಹುದು ಅನ್ನಿಸಿದರೆ ಮೊದಲೇ ಮಾತಾಡಬೇಕು.

ಪ್ರಶ್ನೆ: ನೇರವಾಗಿ ಕೇಳ್ತೀನಿ ಮೇಡಂ. 2019ರ ನಮ್ಮ ಮಿಷನ್ ಶಕ್ತಿ ಕಾನೂನುಬಾಹಿರ ಆಗಿತ್ತಾ?

ಉತ್ತರ: ನೇರವಾಗಿಯೇ ಹೇಳುತ್ತೇನೆ. ಅದನ್ನು ನಿಷೇಧಿಸುವ ಯಾವ ಒಪ್ಪಂದವೂ ಆಗ ಇರಲಿಲ್ಲ, ಈಗಲೂ ಇಲ್ಲ.

2019ರ ಮಾರ್ಚ್ 27ರಂದು ಡಿಆರ್‌ಡಿಒ ನೆಲದಿಂದ ಹಾರಿಸಿದ ಕ್ಷಿಪಣಿ ನಮ್ಮದೇ ಮೈಕ್ರೋಸ್ಯಾಟ್-ಆರ್ ಉಪಗ್ರಹವನ್ನು ಸುಮಾರು 280 ಕಿ.ಮೀ. ಎತ್ತರದಲ್ಲಿ ಹೊಡೆಯಿತು. ನಮ್ಮ ವಸ್ತುವನ್ನು ನಾವೇ ಹೊಡೆದದ್ದು. ಆದ್ದರಿಂದ ಬಲಪ್ರಯೋಗದ ಪ್ರಶ್ನೆ ಬರುವುದಿಲ್ಲ. ಪ್ರಶ್ನೆ ಬರುವುದು ಚೂರುಗಳದ್ದು.

2007ರಲ್ಲಿ ವಿಶ್ವಸಂಸ್ಥೆ ಬಾಹ್ಯಾಕಾಶ ಕಸದ ಬಗ್ಗೆ ಮಾರ್ಗಸೂಚಿ ಒಪ್ಪಿತು. ಕಡ್ಡಾಯ ಅಲ್ಲ. ಬಹುಕಾಲ ಉಳಿಯುವ ಚೂರು ಹುಟ್ಟಿಸುವಂಥ ಉದ್ದೇಶಪೂರ್ವಕ ಒಡೆತ ಬೇಡ, ಮಾಡಲೇಬೇಕಾದರೆ ಚೂರುಗಳು ಬೇಗ ಬೀಳುವಷ್ಟು ಕೆಳಗೆ ಮಾಡಿ ಎನ್ನುತ್ತದೆ ಅದು. ಭಾರತ ಕೆಳಗಿನ ಎತ್ತರ ಆರಿಸಿಕೊಂಡಿತ್ತು. ಚೂರುಗಳು ವಾರಗಳಲ್ಲೇ ಬೀಳುತ್ತವೆ ಎಂದು ವಿದೇಶಾಂಗ ಸಚಿವಾಲಯ ಹೇಳಿತು. ಹೆಚ್ಚಿನವು ಬೇಗ ಬಿದ್ದವು. ಕೆಲವು ಮೇಲಕ್ಕೆ ಚಿಮ್ಮಿ ಒಂದು ವರ್ಷಕ್ಕೂ ಜಾಸ್ತಿ ಉಳಿದವು. ಕ್ಷಿಪಣಿ ಬಡಿದ ಮೇಲೆ ಚೂರು ಎತ್ತ ಹೋಗಬೇಕು ಎಂಬುದು ಯಾರ ಕೈಯಲ್ಲೂ ಇರುವುದಿಲ್ಲ.

ಬೇರೆಯವರ ಜೊತೆ ಹೋಲಿಸಿ ನೋಡಿ. 2007ರ ಜನವರಿಯಲ್ಲಿ ಚೀನಾ ತನ್ನ ಫೆಂಗ್ಯುನ್-1ಸಿ ಹವಾಮಾನ ಉಪಗ್ರಹವನ್ನು ಸುಮಾರು 860 ಕಿ.ಮೀ. ಎತ್ತರದಲ್ಲಿ ಒಡೆಯಿತು. ಗುರುತಿಸಬಲ್ಲ ಚೂರುಗಳೇ 3,000ಕ್ಕಿಂತ ಜಾಸ್ತಿ. ಅವುಗಳಲ್ಲಿ ಬಹಳಷ್ಟು ಇನ್ನೂ ಸುತ್ತುತ್ತಿವೆ. 2021ರ ನವೆಂಬರ್‌ನಲ್ಲಿ ರಷ್ಯಾ ತನ್ನದೇ ಉಪಗ್ರಹ ಕಾಸ್ಮೋಸ್-1408 ಅನ್ನು ಒಡೆದು 1,500ಕ್ಕೂ ಹೆಚ್ಚು ಚೂರು ಮಾಡಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಏಳೂ ಜನ ತಮ್ಮ ನೌಕೆಗಳೊಳಗೆ ಹೋಗಿ ಕೂರಬೇಕಾಯಿತು. ಅವರಲ್ಲಿ ರಷ್ಯಾದವರೇ ಇಬ್ಬರಿದ್ದರು. ಒಂದೊಂದು ಚೂರೂ ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಸಣ್ಣ ಬೋಲ್ಟ್ ಸಾಕು ಜೀವ ತೆಗೆಯಲು.

ನನ್ನ ಪ್ರಕಾರ 860 ಕಿ.ಮೀ.ನಲ್ಲಿ ಒಡೆಯುವುದು 9ನೇ ವಿಧಿಯ ಉಲ್ಲಂಘನೆ. ಆದರೆ ಯಾವ ನ್ಯಾಯಾಲಯವೂ ಹಾಗೆ ತೀರ್ಪು ಕೊಟ್ಟಿಲ್ಲ. ಚೀನಾ, ರಷ್ಯಾ ಯಾರನ್ನೂ ಮೊದಲೇ ಕೇಳಲಿಲ್ಲ. ನಾವೂ ಕೇಳಲಿಲ್ಲ.

ಪ್ರತಿಕ್ರಿಯೆ: ಅವರೆಲ್ಲ ಮಾಡಿ ಮುಗಿಸಿದ ಮೇಲೆ ನಮಗೆ ಬುದ್ಧಿ ಹೇಳೋದು ಎಷ್ಟು ಸರಿ? ದೇಶದ ರಕ್ಷಣೆ ಮೊದಲು.

ಉತ್ತರ: ನಿಮ್ಮ ಬೇಸರಕ್ಕೆ ಕಾರಣ ಇದೆ. 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ 1967ರ ಜನವರಿ 1ಕ್ಕೆ ಗೆರೆ ಎಳೆಯಿತು. ಅದಕ್ಕೆ ಮುಂಚೆ ಬಾಂಬ್ ಪರೀಕ್ಷಿಸಿದವರು ಮಾತ್ರ ಅಣ್ವಸ್ತ್ರ ದೇಶಗಳು, ಉಳಿದವರು ಹೊರಗೆ. ಭಾರತ ಹೊರಗೆ ಉಳಿಯಿತು. ಬಾಹ್ಯಾಕಾಶದಲ್ಲೂ ಹಾಗೇ ಆಗಬಾರದು, ಗೆರೆ ಎಳೆಯುವ ಮುಂಚೆ ನಮ್ಮ ಸಾಮರ್ಥ್ಯ ತೋರಿಸಿಬಿಡಬೇಕು ಎಂಬ ವಾದ 2019ರಲ್ಲಿ ಜೋರಾಗಿತ್ತು. ನನಗೆ ಅದು ಅರ್ಥವಾಗುತ್ತದೆ.

ಆದರೆ ಈಗ ತೋರಿಸಿ ಆಯಿತಲ್ಲ. 2022ರ ಏಪ್ರಿಲ್‌ನಲ್ಲಿ ಅಮೆರಿಕ ಇಂಥ ವಿನಾಶಕಾರಿ ಪರೀಕ್ಷೆ ಇನ್ನು ಮಾಡುವುದಿಲ್ಲ ಎಂದು ತಾನೇ ಘೋಷಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಎಲ್ಲ ದೇಶಗಳೂ ಹಾಗೆ ಮಾತು ಕೊಡಲಿ ಎಂಬ ನಿರ್ಣಯ ಬಂತು. ಪರವಾಗಿ 155 ದೇಶ, ವಿರುದ್ಧ 9. ವಿರೋಧಿಸಿದವರಲ್ಲಿ ಚೀನಾ, ರಷ್ಯಾ ಇದ್ದವು. ಭಾರತ ಮತ ಹಾಕಲಿಲ್ಲ, ತಟಸ್ಥವಾಗಿ ಉಳಿಯಿತು. ಸ್ವಯಂ ಘೋಷಣೆಗಿಂತ ಎಲ್ಲರನ್ನೂ ಕಟ್ಟಿಹಾಕುವ, ಪರಿಶೀಲಿಸಬಹುದಾದ ಒಪ್ಪಂದವೇ ಬೇಕು ಎಂಬುದು ನಮ್ಮ ಸರ್ಕಾರದ ಹಳೆಯ ನಿಲುವು. ತಾತ್ವಿಕವಾಗಿ ಸರಿಯೇ. ಆದರೆ ಅಂಥ ಒಪ್ಪಂದ ಬರುವವರೆಗೆ ಕಾಯುತ್ತಾ ಕೂತರೆ ನಷ್ಟ ನಮಗೇ. ಭೂಮಿಯ ಚಿತ್ರ ತೆಗೆಯುವ ನಮ್ಮ ಕಾರ್ಟೋಸ್ಯಾಟ್‌ಗಳು ಸುತ್ತುವುದು ಇಂಥ ಚೂರುಗಳು ಓಡುವ ಕಕ್ಷೆಗಳಲ್ಲೇ, ಗಗನಯಾನದಲ್ಲಿ ನಮ್ಮವರು ಹೋಗುವುದೂ ಭೂಮಿಯ ಹತ್ತಿರದ ಕಕ್ಷೆಗೇ. ಇನ್ನೊಂದು ಉಪಗ್ರಹ ಒಡೆಯುವುದರಿಂದ ರಕ್ಷಣೆಗೆ ಹೊಸದಾಗಿ ಸಿಗುವುದು ಬಹಳ ಕಡಿಮೆ. ಭಾರತ ಆ ಮಾತು ಕೊಟ್ಟುಬಿಡಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಪ್ರಶ್ನೆ: ನಾನು ಹಾಸನದವಳು, ಎಂಜಿನಿಯರಿಂಗ್ ಓದ್ತಿದ್ದೀನಿ. ನಮ್ಮೂರಿನ ಇಸ್ರೊ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ ಉಪಗ್ರಹ ನಿಯಂತ್ರಿಸ್ತಾರೆ. ಯುದ್ಧ ಆದ್ರೆ ಅದನ್ನ ಗುರಿ ಮಾಡೋದು ಕಾನೂನು ಪ್ರಕಾರ ಸರಿನಾ? ಸ್ಟಾರ್‌ಲಿಂಕ್ ತರಹದ ಖಾಸಗಿ ಉಪಗ್ರಹಗಳ ಕಥೆ ಏನು?

ಉತ್ತರ: ಈ ಸರಣಿಯಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ಪ್ರಶ್ನೆ ಇದು.

ಯುದ್ಧ ಶುರುವಾದ ಮೇಲೆ ಅನ್ವಯಿಸುವುದು ಯುದ್ಧದ ಕಾನೂನು. ಅದರ ಮೂಲ ನಿಯಮ ನೆಲಕ್ಕೂ ಆಕಾಶಕ್ಕೂ ಒಂದೇ. ಒಂದು ವಸ್ತು ಯುದ್ಧಕ್ಕೆ ನಿಜವಾದ ಕೊಡುಗೆ ಕೊಡುತ್ತಿರಬೇಕು, ಅದನ್ನು ನಾಶ ಮಾಡಿದರೆ ಸ್ಪಷ್ಟ ಸೇನಾ ಲಾಭ ಇರಬೇಕು. ಆಗ ಮಾತ್ರ ಅದು ಗುರಿ. ಅದು ಯಾರ ಆಸ್ತಿ ಎಂಬುದು ಮುಖ್ಯವಲ್ಲ, ಖಾಸಗಿ ಕಂಪನಿಯದ್ದಾದರೂ ಅಷ್ಟೇ.

ತೊಂದರೆ ಏನೆಂದರೆ ಉಪಗ್ರಹಗಳಲ್ಲಿ ನಾಗರಿಕ ಬಳಕೆ, ಸೇನಾ ಬಳಕೆ ಬೇರ್ಪಡಿಸಲು ಆಗದಷ್ಟು ಕಲೆತಿವೆ. ನೌಕಾಪಡೆಗಾಗಿಯೇ 2013ರಲ್ಲಿ ಹಾರಿಸಿದ ಜಿಸ್ಯಾಟ್-7ರ ನಿಯಂತ್ರಣ ಹಾಸನದ ಕೇಂದ್ರದ್ದು. ಟಿವಿ, ಹವಾಮಾನ, ಬ್ಯಾಂಕ್ ಸಂಪರ್ಕದ ಉಪಗ್ರಹಗಳದ್ದೂ ಅದೇ ಕೇಂದ್ರದ್ದು. 2025ರ ಮೇ ತಿಂಗಳ ಭಾರತ-ಪಾಕಿಸ್ತಾನ ಸಂಘರ್ಷದ ಹೊತ್ತಿನಲ್ಲಿ ದೇಶದ ಭದ್ರತೆಗಾಗಿ ಕನಿಷ್ಠ 10 ಉಪಗ್ರಹ ಹಗಲು ರಾತ್ರಿ ಕೆಲಸ ಮಾಡುತ್ತಿವೆ ಎಂದು ಇಸ್ರೊ ಅಧ್ಯಕ್ಷರೇ ಹೇಳಿದ್ದರು.

ಹಾಗಾಗಿ ಇಂಥ ಕೇಂದ್ರ ಕಾನೂನಿನ ಕಣ್ಣಿನಲ್ಲಿ ಗುರಿಯಾಗುವ ಸಾಧ್ಯತೆ ಇದೆ. ಆದರೆ ಅಲ್ಲಿಗೆ ಮುಗಿಯುವುದಿಲ್ಲ. ದಾಳಿ ಮಾಡುವವರು ನಾಗರಿಕರಿಗೆ ಆಗುವ ಹಾನಿಯನ್ನು ಲೆಕ್ಕ ಹಾಕಲೇಬೇಕು. ಸಿಗುವ ಸೇನಾ ಲಾಭಕ್ಕಿಂತ ಅದು ವಿಪರೀತ ಜಾಸ್ತಿ ಇದ್ದರೆ ಆ ದಾಳಿ ಅಪರಾಧ. ಆ ಲೆಕ್ಕದಲ್ಲಿ ಕೇಂದ್ರದ ಸುತ್ತ ಇರುವವರು ಮಾತ್ರ ಸೇರಬೇಕಾ? ಚಂಡಮಾರುತದ ಮುನ್ಸೂಚನೆ ಸಿಗದೆ ಸಮುದ್ರದಲ್ಲಿ ಉಳಿದ ಮೀನುಗಾರರೂ ಸೇರಬೇಕಾ? ಸೇರಬೇಕು ಎಂದು ನಾನು ವಾದಿಸುತ್ತೇನೆ. ದೇಶಗಳಲ್ಲಿ ಇನ್ನೂ ಒಮ್ಮತ ಇಲ್ಲ.

ಉಕ್ರೇನ್‌ನಲ್ಲಿ ಇದು ಪುಸ್ತಕದ ಪ್ರಶ್ನೆಯಾಗಿ ಉಳಿಯಲಿಲ್ಲ. 2022ರ ಫೆಬ್ರವರಿ 24ರಂದು, ರಷ್ಯಾ ನುಗ್ಗಿದ ದಿನವೇ, ವಯಾಸ್ಯಾಟ್ ಕಂಪನಿಯ ಉಪಗ್ರಹ ಇಂಟರ್‌ನೆಟ್ ಜಾಲದ ಮೇಲೆ ಸೈಬರ್ ದಾಳಿ ಆಯಿತು. ಜರ್ಮನಿಯಲ್ಲಿ ಸುಮಾರು 5,800 ಗಾಳಿಯಂತ್ರಗಳ ದೂರನಿಯಂತ್ರಣ ಕಡಿದುಹೋಯಿತು. ಜರ್ಮನಿ ಆ ಯುದ್ಧದಲ್ಲೇ ಇರಲಿಲ್ಲ. ಆಮೇಲೆ ಉಕ್ರೇನ್ ಸೇನೆ ಸ್ಟಾರ್‌ಲಿಂಕ್ ಬಳಸತೊಡಗಿತು. ಇಂಥ ಖಾಸಗಿ ಉಪಗ್ರಹಗಳು ನ್ಯಾಯಬದ್ಧ ಗುರಿಯಾಗಬಹುದು ಎಂದು ಅದೇ ವರ್ಷ ಅಕ್ಟೋಬರ್‌ನಲ್ಲಿ ರಷ್ಯಾದ ಪ್ರತಿನಿಧಿ ವಿಶ್ವಸಂಸ್ಥೆಯಲ್ಲಿ ಹೇಳಿದರು. ಕಾನೂನಿನ ಪ್ರಕಾರ ಅದು ಪೂರ್ತಿ ಪೊಳ್ಳು ಮಾತಲ್ಲ. ಭಯ ಇರುವುದೂ ಅದಕ್ಕೇ.

ಪ್ರಶ್ನೆ: ಉಪಗ್ರಹದ ತುಂಡು ನಮ್ಮ ಹೊಲದಲ್ಲಿ ಬಿದ್ರೆ ಯಾರು ದುಡ್ಡು ಕೊಡ್ತಾರೆ?

ಉತ್ತರ: ಹಾರಿಸಿದ ದೇಶ. 1972ರ ಹೊಣೆಗಾರಿಕೆ ಒಪ್ಪಂದದ ಪ್ರಕಾರ ನೆಲದ ಮೇಲಿನ ಹಾನಿಗೆ ತಪ್ಪು ಸಾಬೀತು ಮಾಡುವ ಅಗತ್ಯವೂ ಇಲ್ಲ. 1978ರಲ್ಲಿ ಅಣು ರಿಯಾಕ್ಟರ್ ಇದ್ದ ಸೋವಿಯತ್ತಿನ ಕಾಸ್ಮೋಸ್-954 ಕೆನಡಾದಲ್ಲಿ ಬಿತ್ತು. ಕೆನಡಾ ಸುಮಾರು 60 ಲಕ್ಷ ಡಾಲರ್ ಕೇಳಿತು, 1981ರಲ್ಲಿ 30 ಲಕ್ಷ ಕೆನಡಿಯನ್ ಡಾಲರ್‌ಗೆ ಇತ್ಯರ್ಥ ಆಯಿತು. ನಿಮ್ಮ ಪರವಾಗಿ ಭಾರತ ಸರ್ಕಾರ ಕೇಳಬೇಕು. ಮೇಲೆ, ಕಕ್ಷೆಯಲ್ಲೇ ಹಾನಿಯಾದರೆ ಮಾತ್ರ ತಪ್ಪು ಯಾರದ್ದು ಎಂದು ತೋರಿಸಬೇಕು. ಯಾವ ಚೂರು ಯಾರದ್ದು ಎಂದು ಹೇಳುವುದೇ ಕಷ್ಟ.

ಪ್ರಶ್ನೆ: ಇಷ್ಟೆಲ್ಲ ನಿಯಮ ಇದ್ರೂ ಮುರಿದವರನ್ನ ಕೇಳೋರು ಯಾರು?

ಉತ್ತರ: ಪೊಲೀಸ್ ಇಲ್ಲ. ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿ ಇದೆ. ನಮ್ಮ ಉಡುಪಿ ಕಡೆಯ ಯು. ಆರ್. ರಾವ್ 1997ರಿಂದ 2000ರವರೆಗೆ ಅದರ ಅಧ್ಯಕ್ಷರಾಗಿದ್ದರು. ಆದರೆ ಅದು ಶಾಂತಿಯುತ ಬಳಕೆಯ ಸಮಿತಿ, ಆಯುಧದ ಮಾತು ಅಲ್ಲಿ ಬರುವುದಿಲ್ಲ. ಆಯುಧದ ಮಾತು ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನದ್ದು. ಅಲ್ಲಿ ಎಲ್ಲರೂ ಒಪ್ಪಬೇಕು, ಹಾಗಾಗಿ ಏನೂ ಮುಂದೆ ಹೋಗುವುದಿಲ್ಲ.

ರಷ್ಯಾ ಮತ್ತು ಚೀನಾ 2008ರಲ್ಲಿ, ಮತ್ತೆ 2014ರಲ್ಲಿ ಒಂದು ಕರಡು ಕೊಟ್ಟವು. ಬಾಹ್ಯಾಕಾಶದಲ್ಲಿ ಯಾವ ಆಯುಧವನ್ನೂ ಇಡಬಾರದು ಎಂಬುದು ಅದರ ಸಾರ. ಕೇಳಲು ಚೆನ್ನಾಗಿದೆ. ಆದರೆ ನೆಲದಿಂದ ಉಪಗ್ರಹ ಹೊಡೆಯುವ ಕ್ಷಿಪಣಿ ತಯಾರಿಸಿ ಇಟ್ಟುಕೊಳ್ಳುವುದನ್ನು ಅದು ತಡೆಯುವುದಿಲ್ಲ, ಪರಿಶೀಲನೆಯ ದಾರಿಯೂ ಇಲ್ಲ. ಅಮೆರಿಕ ಒಪ್ಪಲಿಲ್ಲ.

2024ರ ಏಪ್ರಿಲ್ 24ರಂದು ಭದ್ರತಾ ಮಂಡಳಿಯಲ್ಲಿ ಅಮೆರಿಕ ಮತ್ತು ಜಪಾನ್ ತಂದ ನಿರ್ಣಯ ಕಕ್ಷೆಯಲ್ಲಿ ಅಣ್ವಸ್ತ್ರ ಇಡಬೇಡಿ ಎಂದು ಮತ್ತೊಮ್ಮೆ ಹೇಳಲು ಹೊರಟಿತ್ತು. ರಷ್ಯಾ ಅಂಥದ್ದನ್ನು ತಯಾರಿಸುತ್ತಿದೆ ಎಂಬುದು ಅಮೆರಿಕದ ಆರೋಪ, ರಷ್ಯಾ ಅಲ್ಲಗಳೆದಿತ್ತು. 13 ದೇಶ ಒಪ್ಪಿದವು, ಚೀನಾ ತಟಸ್ಥ, ರಷ್ಯಾ ವೀಟೊ. ಬರೀ ಅಣ್ವಸ್ತ್ರ ಯಾಕೆ, ಎಲ್ಲ ಆಯುಧಗಳನ್ನೂ ಸೇರಿಸಿ ಎಂಬುದು ರಷ್ಯಾದ ವಾದ. ಆದರೂ 1967ರಲ್ಲಿ ತಾನೇ ಸಹಿ ಹಾಕಿದ ಮಾತನ್ನು ಮತ್ತೆ ಹೇಳಲು ಒಂದು ದೊಡ್ಡ ದೇಶ ಬೇಡ ಎಂದದ್ದು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸಣ್ಣ ಬಾಹ್ಯಾಕಾಶ ಕಂಪನಿಯಲ್ಲಿದ್ದೀನಿ. ನಮ್ಮ ಉಪಗ್ರಹದ ಚಿತ್ರಗಳನ್ನ ವಿದೇಶಿ ಸೇನೆ ಕೊಂಡ್ರೆ ನಮಗೇನಾದ್ರೂ ತೊಂದರೆ ಇದೆಯಾ?

ಉತ್ತರ: 1967ರ ಬಾಹ್ಯಾಕಾಶ ಒಪ್ಪಂದದ 6ನೇ ವಿಧಿ ಓದಿ. ಖಾಸಗಿ ಕಂಪನಿಯ ಬಾಹ್ಯಾಕಾಶ ಚಟುವಟಿಕೆಗೂ ದೇಶವೇ ಹೊಣೆ. ದೇಶ ಅನುಮತಿ ಕೊಡಬೇಕು, ನಿರಂತರ ಕಣ್ಣಿಡಬೇಕು. ನಮ್ಮಲ್ಲಿ ಆ ಅನುಮತಿ ಕೊಡುವುದು ಕೇಂದ್ರ ಸರ್ಕಾರದ ಸಂಸ್ಥೆ ಇನ್‌-ಸ್ಪೇಸ್. 2017ರಲ್ಲಿ ಬಾಹ್ಯಾಕಾಶ ಮಸೂದೆಯ ಕರಡು ಬಂತು, 2023ರಲ್ಲಿ ನೀತಿ ಬಂತು, ಕಾಯ್ದೆ ಮಾತ್ರ ಬಾಕಿ. ಆದ್ದರಿಂದ ನಿಮಗೆ ರಕ್ಷಣೆ ಇರುವುದು ಅನುಮತಿ ಪತ್ರದ ಷರತ್ತು ಮತ್ತು ನಿಮ್ಮ ಒಪ್ಪಂದದ ಸಾಲುಗಳಲ್ಲಿ. ಕೊಳ್ಳುವವರು ಯಾರಿಗೆ ಮರುಮಾರಾಟ ಮಾಡಬಹುದು, ನಡೆಯುತ್ತಿರುವ ಯುದ್ಧಕ್ಕೆ ಬಳಸಬಹುದಾ, ಯುದ್ಧ ಶುರುವಾದರೆ ಸೇವೆ ನಿಲ್ಲಿಸುವ ಹಕ್ಕು ನಿಮಗಿದೆಯಾ, ಇಷ್ಟನ್ನಾದರೂ ಸಹಿ ಹಾಕುವ ಮುಂಚೆ ಬರೆಸಿಕೊಳ್ಳಿ. ಈ ಮೂರನೆಯದನ್ನೇ ಜನ ಬಿಟ್ಟುಬಿಡುತ್ತಾರೆ.