ಹೆಸರಿನಲ್ಲಿ ಸ್ಪೇಸ್ ಇರುವ 40,000 ಕಡತಗಳ ಮೇಲೆ ಒಂದೇ ಕಮಾಂಡ್ ಓಡಿಸುವುದು ಹೇಗೆ?

ಹಳೇಕಡತ:
ಊರಿನ ವಾಚನಾಲಯದ ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿದ್ದೇನೆ. ಒಂದೇ ಫೋಲ್ಡರಿನಲ್ಲಿ ಸುಮಾರು 40,000 ಟಿಫ್ ಕಡತಗಳಿದ್ದು, ಎಲ್ಲದರ ಹೆಸರೂ ‘ಹಳೆಯ ಸಂಚಿಕೆ ಪುಟ 00123’ ಎಂಬ ಮಾದರಿಯಲ್ಲಿ ಕನ್ನಡದಲ್ಲೇ ಇದೆ. ವಿಸ್ತರಣೆ ಮಾತ್ರ ರೋಮನ್ ಲಿಪಿಯದು. ಪ್ರತಿಯೊಂದರ ಮೇಲೂ ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ಓಡಿಸಿ ಪಠ್ಯ ಪಡೆಯಬೇಕು. ಎಲ್‌ಎಸ್ ಕೊಟ್ಟ ಪಟ್ಟಿಯನ್ನು ಫಾರ್ ಲೂಪಿಗೆ ಊಡಿಸಿದರೆ ‘ಹಳೆಯ’ ಎಂಬ ಕಡತವಿಲ್ಲ, ‘ಸಂಚಿಕೆ’ ಎಂಬ ಕಡತವಿಲ್ಲ ಎಂಬ ದೂರುಗಳೇ ಪರದೆ ತುಂಬುತ್ತವೆ. ಎಲ್ಲವನ್ನೂ ಬೇರೆ ಫೋಲ್ಡರಿಗೆ ಸಾಗಿಸೋಣವೆಂದು ಎಂವಿ ಮುಂದೆ ನಕ್ಷತ್ರ ಚಿಹ್ನೆ ಕೊಟ್ಟರೆ ‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’ ಎನ್ನುತ್ತದೆ. ತಪ್ಪು ಹೆಸರಿನದೋ, ಸಂಖ್ಯೆಯದೋ?

ಚಿಪ್ಪಿನೊಳಗೆ:
ಎರಡರದೂ ಹೌದು, ಆದರೆ ಅವು ಬೇರೆಬೇರೆ ತೊಂದರೆಗಳು. ಎಲ್‌ಎಸ್‌ನಿಂದ ಬಂದದ್ದು ಕಮಾಂಡುಗಳನ್ನು ಓದಿ ನಡೆಸುವ ಶೆಲ್ಲಿನ ಕಣ್ಣಿಗೆ ಬರೀ ಪಠ್ಯ. ಅದನ್ನು ಅದು ಸ್ಪೇಸ್ ಕಂಡಲ್ಲೆಲ್ಲ ಕತ್ತರಿಸುತ್ತದೆ. ಲೂಪಿನಲ್ಲಿ ಎಲ್‌ಎಸ್ ಬಿಟ್ಟು, ನಕ್ಷತ್ರವನ್ನೇ ನೇರವಾಗಿ ಬರೆದು, ಒಳಗೆ ಚರವನ್ನು ತಪ್ಪದೆ ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಇಟ್ಟರೆ ಪ್ರತಿ ಹೆಸರೂ ಇಡಿಯಾಗಿಯೇ ಉಳಿಯುತ್ತದೆ.

ಎರಡನೆಯದು ಕರ್ನಲ್, ಅಂದರೆ ವ್ಯವಸ್ಥೆಯ ತಿರುಳು, ಹಾಕುವ ಮಿತಿ. ಶೆಲ್ ನಕ್ಷತ್ರವನ್ನು ಎಲ್ಲ ಹೆಸರುಗಳಾಗಿ ಬಿಡಿಸಿ ಒಟ್ಟಿಗೇ ಎಂವಿಗೆ ಕೊಡುತ್ತದೆ. ಲಿನಕ್ಸಿನಲ್ಲಿ ಹೊಸ ಪ್ರೋಗ್ರಾಮಿಗೆ ದಾಟಿಸಬಹುದಾದ ಆರ್ಗ್ಯುಮೆಂಟುಗಳ ಮತ್ತು ಪರಿಸರ ಚರಗಳ ಒಟ್ಟು ಗಾತ್ರ ಸ್ಟ್ಯಾಕ್ (ಪ್ರೋಗ್ರಾಮಿನ ಕೆಲಸದ ಸ್ಮೃತಿ) ಮಿತಿಯ ನಾಲ್ಕನೇ ಒಂದು ಭಾಗ. ಸ್ಟ್ಯಾಕ್ ಸಾಮಾನ್ಯವಾದ 8 ಎಂಬಿ ಇದ್ದರೆ ಅದು 2 ಎಂಬಿ, ಅಂದರೆ 20,97,152 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಅಕ್ಷರವಾಗಲಿ, ಗುಣಿತದ ಚಿಹ್ನೆಯಾಗಲಿ ಒಂದೊಂದಕ್ಕೂ 3 ಬೈಟ್ ಬೇಕು. ನಿಮ್ಮ ಮಾದರಿ ಹೆಸರಿನಲ್ಲಿ ಅಂಥವು 13 ಇರುವುದರಿಂದ ಸ್ಪೇಸ್, ಅಂಕಿ, ವಿಸ್ತರಣೆ ಸೇರಿ ಹೆಸರು 51 ಬೈಟ್, ಕೊನೆಯ ಸೊನ್ನೆ ಬೈಟ್ ಮತ್ತು 8 ಬೈಟಿನ ಪಾಯಿಂಟರ್ ಸೇರಿ 60. ಹೀಗೆ ಸುಮಾರು 35,000 ಕಡತಗಳಿಗೇ ಜಾಗ ಮುಗಿಯುತ್ತದೆ. ಇದೇ ಹೆಸರು ಅಷ್ಟೇ ಸಂಖ್ಯೆಯ ರೋಮನ್ ಅಕ್ಷರಗಳಲ್ಲಿದ್ದರೆ ನಿಮ್ಮ ಎಂವಿ ಸದ್ದಿಲ್ಲದೆ ನಡೆದುಬಿಡುತ್ತಿತ್ತು! ಹಾಗೆಂದು ಹೆಸರು ಬದಲಿಸಬೇಡಿ. ಫಾರ್ ಶೆಲ್ಲಿನ ಒಳಗಿನದೇ ಆದ್ದರಿಂದ ಅದಕ್ಕೆ ಈ ಮಿತಿ ತಟ್ಟುವುದಿಲ್ಲ.

ಕೊಳವೆಮಾರ್ಗ:
ಲೂಪ್ ಸರಿಯಾದದ್ದೇ, ಆದರೆ ಒಂದಾದ ಮೇಲೊಂದು ಓಡುವುದರಿಂದ 40,000 ಪುಟಗಳಿಗೆ ತುಂಬ ಕಾಲ ಹಿಡಿಯುತ್ತದೆ. ಕಡತಗಳನ್ನು ಹುಡುಕುವ ಫೈಂಡ್‌ಗೆ -ಪ್ರಿಂಟ್0 ಕೊಟ್ಟು, ಅದರ ಫಲವನ್ನು, ಬಂದ ಹೆಸರುಗಳನ್ನು ಇನ್ನೊಂದು ಕಮಾಂಡಿಗೆ ದಾಟಿಸುವ ಎಕ್ಸ್‌ಆರ್ಗ್ಸ್ -0ಗೆ ಪೈಪ್ ಮಾಡಿ. ಕಡತದ ಹೆಸರಿನಲ್ಲಿ ಬರಲಾರದ ಬೈಟುಗಳು ಎರಡೇ, ಓರೆಗೆರೆ ಮತ್ತು ಸೊನ್ನೆ ಬೈಟ್. ಆದ್ದರಿಂದ ಸೊನ್ನೆ ಬೈಟಿನಿಂದ ಬೇರ್ಪಡಿಸಿದ ಪಟ್ಟಿ ಎಂದೂ ತಪ್ಪಾಗಿ ಒಡೆಯುವುದಿಲ್ಲ. -0 ಇಲ್ಲದ ಎಕ್ಸ್‌ಆರ್ಗ್ಸ್ ಸ್ಪೇಸನ್ನಷ್ಟೇ ಅಲ್ಲ, ಉದ್ಧರಣ ಚಿಹ್ನೆಗಳನ್ನೂ ತನ್ನದೇ ಅರ್ಥದಲ್ಲಿ ಓದಿಕೊಳ್ಳುತ್ತದೆ. ಜೊತೆಗೆ ಒಂದು ಸಲಕ್ಕೆ ಒಂದೇ ಹೆಸರು ದಾಟಿಸುವಂತೆ ಹೇಳಿ, ದೊಡ್ಡಕ್ಷರದ -ಪಿ 4 ಕೊಟ್ಟರೆ ಏಕಕಾಲಕ್ಕೆ ನಾಲ್ಕು ಪುಟಗಳು ಸಾಗುತ್ತವೆ. ಟೆಸರಾಕ್ಟ್ ತಾನೇ ಹಲವು ಎಳೆಗಳನ್ನು ಬಳಸುವುದರಿಂದ ಓಎಂಪಿ_ಥ್ರೆಡ್_ಲಿಮಿಟ್ ಚರವನ್ನು 1ಕ್ಕೆ ಇಡಿ; ಇಲ್ಲದಿದ್ದರೆ ನಾಲ್ಕೂ ಒಂದರ ಕಾಲನ್ನೊಂದು ತುಳಿಯುತ್ತವೆ.

ಎಂವಿಗೆ ಫೈಂಡ್‌ನ -ಎಕ್ಸೆಕ್ ಸಾಕು. ಕೊನೆಯಲ್ಲಿ ಅರ್ಧವಿರಾಮದ ಬದಲು ಕೂಡು ಚಿಹ್ನೆ ಹಾಕಿದರೆ ಅದು ಮಿತಿಯೊಳಗೆ ಎಷ್ಟು ಹಿಡಿಯುತ್ತದೋ ಅಷ್ಟಷ್ಟೇ ಕಂತುಗಳಲ್ಲಿ ಕಳಿಸುತ್ತದೆ. ಗುರಿಯ ಫೋಲ್ಡರನ್ನು ಎಂವಿಯ -ಟಿ ಮೂಲಕ ಮೊದಲೇ ಹೇಳಬೇಕು.

ಹಳೇಕಡತ:
ಓಡಿತು, ಧನ್ಯವಾದಗಳು. ಆದರೆ ನಿನ್ನೆ ನಡುವೆ ಕರೆಂಟ್ ಹೋಯಿತು. ಮುಗಿದ ಪುಟಗಳನ್ನು ಬಿಟ್ಟು ಮುಂದುವರಿಯಲು ಸಾಧ್ಯವೇ?

ಕೊಳವೆಮಾರ್ಗ:
ಎಕ್ಸ್‌ಆರ್ಗ್ಸ್ -ಎನ್ 1 ಎಂದು ಹೇಳಿ, ಅದರಿಂದ, ಬರೆದುಕೊಟ್ಟ ಸಾಲನ್ನು ಕಮಾಂಡಾಗಿ ನಡೆಸುವ ಎಸ್‌ಎಚ್ -ಸಿಯನ್ನು ಓಡಿಸಿ, ಪಠ್ಯ ಕಡತವಿದ್ದರೆ ಬಿಟ್ಟುಬಿಡುವಂತೆ ಷರತ್ತು ಬರೆಯಿರಿ. ಕಡತ ಇದೆಯೇ ಎಂದಷ್ಟೇ ನೋಡುವ -ಇ ಬದಲು ಗಾತ್ರ ಸೊನ್ನೆಯಲ್ಲವೇ ಎಂದು ನೋಡುವ -ಎಸ್ ಬಳಸಿ, ಕರೆಂಟ್ ಹೋದ ಕ್ಷಣದಲ್ಲಿ ತೆರೆದಿದ್ದ ಕಡತಗಳು ಖಾಲಿಯಾಗಿ ಉಳಿದಿರಬಹುದು. ಕಡತದ ಹೆಸರನ್ನು ಮಾತ್ರ ಎಸ್‌ಎಚ್‌ನ ಉದ್ಧರಣದೊಳಗೆ ಜೋಡಿ ಬ್ರೇಸ್‌ಗಳಿಂದ ತುರುಕಬೇಡಿ. ಹಾಗೆ ಮಾಡಿದರೆ ಹೆಸರೇ ಕಮಾಂಡಿನ ಭಾಗವಾಗಿ, ಡಾಲರ್ ಚಿಹ್ನೆಯಿರುವ ಒಂದು ಹೆಸರು ಸಾಕು ಏನೇನೋ ನಡೆಯಲು. ಅದನ್ನು ಹೊರಗಿನಿಂದ ಆರ್ಗ್ಯುಮೆಂಟಾಗಿ ಕೊಟ್ಟು ಒಳಗೆ ‘ಡಾಲರ್ 1’ ಎಂದು ಓದಿಕೊಳ್ಳಿ.

ಚಿಪ್ಪಿನೊಳಗೆ:
ಮುಗಿದ ಮೇಲೆ ಎಕ್ಸ್‌ಆರ್ಗ್ಸ್‌ನ ನಿರ್ಗಮನ ಸಂಕೇತವನ್ನೂ ನೋಡಿ. 123 ಬಂದಿದ್ದರೆ ಯಾವುದೋ ಪುಟ ಸೋತಿದೆ ಎಂದರ್ಥ. ಯಾವುದು ಎಂದು ಅದು ಹೇಳುವುದಿಲ್ಲ, ಇದೇ ಷರತ್ತಿನೊಂದಿಗೆ ಇನ್ನೊಮ್ಮೆ ಓಡಿಸಿದರೆ ಉಳಿದವು ತಾವಾಗಿಯೇ ಸಿಗುತ್ತವೆ.